ಗುಳಿಗೆ ಖರ್ಚೂ ಇಳಿಯಿತು, ಭಜನೆಯೂ ಉಳಿಯಿತು

ಬೆಳೆಗೆ ರೋಗ ಬಂದರೆ ಒಂದು ಹಂಗಾಮು ಹೋಗುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ. ಹಾಗಲ್ಲ. ಬಂದವು ಹೋಗುವುದಿಲ್ಲ. ದಿನಾ ಗುಳಿಗೆ ನುಂಗಬೇಕು, ತಿಂಗಳಿಗೊಮ್ಮೆ ಔಷಧಿ ಅಂಗಡಿಗೆ ಹೋಗಬೇಕು, ಆಗಾಗ ರಕ್ತ ಕೊಡಬೇಕು. ಮಳೆ ನಂಬಿದ ನಮ್ಮ ಕೈಗೆ ದುಡ್ಡು ಬರುವುದು ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಗುಳಿಗೆ ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ.

ಇದು ಪಟ್ಟಣದವರ ರೋಗ, ಕೂತು ಉಣ್ಣುವವರ ರೋಗ ಅನ್ನುವ ಮಾತು ಈಗ ನಡೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಮಾಡಿಸಿದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹಳ್ಳಿಗಳ ದೊಡ್ಡವರಲ್ಲೇ ನೂರಕ್ಕೆ ಹೆಚ್ಚುಕಡಿಮೆ ಒಂಬತ್ತು ಮಂದಿಗೆ ಇದೆ. ಬಿ.ಪಿ. ಇದಕ್ಕಿಂತ ಬಹಳ ಜಾಸ್ತಿ.

ನಾನು ಗದಗ ಜಿಲ್ಲೆಯವನು. ಆರೂವರೆ ಎಕರೆ ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ, ಅಂಚಿಗೆ ಕುಸುಬಿ. ವಯಸ್ಸು ಐವತ್ತೇಳು, ಓದಿದ್ದು ಏಳನೇತ್ತ. ಸಕ್ಕರೆ ಕಾಯಿಲೆ ಇದೆ ಎಂದು 2017ರಲ್ಲಿ ಗೊತ್ತಾಯಿತು, ಅದರ ಹಿಂದೆಯೇ ಬಿ.ಪಿ. ಬಂತು. ಮನೆಯಾಕೆಗೂ ಬಿ.ಪಿ. ಇದೆ. ನನಗಿರುವ ಒಂದೇ ಹುಚ್ಚು ಭಜನೆ. ಮೂವತ್ತು ವರ್ಷದಿಂದ ಮೇಳದಲ್ಲಿ ಪೇಟಿ ಬಾರಿಸುತ್ತೇನೆ. ಅಮಾವಾಸ್ಯೆಗೊಮ್ಮೆ ಊರ ಮಠದಲ್ಲಿ, ಶ್ರಾವಣ ಸೋಮವಾರಗಳಲ್ಲಿ ಸುತ್ತಲ ಊರುಗಳಲ್ಲಿ, ಶಿವರಾತ್ರಿಗೆ ಇಡೀ ರಾತ್ರಿ. ಶಿಶುನಾಳ ಶರೀಫರ ತತ್ವಪದಗಳು, ಶರಣರ ವಚನಗಳು, ದಾಸರ ಪದಗಳು ಎಲ್ಲ ಹಾಡುತ್ತೇವೆ. ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಜಿಲ್ಲೆ ನಮ್ಮದು. ಇಲ್ಲಿ ಊರಿಗೊಂದು ಪೇಟಿ ಇದ್ದೇ ಇರುತ್ತದೆ.

ಮೊದಲು ಕತ್ತರಿ ಬೀಳುವುದು ಹುಚ್ಚಿಗೆ

ಬಹಳ ಮನೆಗಳಲ್ಲಿ ನೋಡಿದ್ದೇನೆ. ಗುಳಿಗೆ ಖರ್ಚು ಏರಿತೆಂದರೆ ಮೊದಲು ಬಿಡುವುದು ಇಂಥ ಹವ್ಯಾಸಗಳನ್ನೇ. ಬಯಲಾಟದವ ಬಯಲಾಟ ಬಿಡುತ್ತಾನೆ, ಕೋಲಾಟದವ ಕೋಲು ಅಟ್ಟಕ್ಕೆ ಹಾಕುತ್ತಾನೆ. ‘ಇನ್ನೇನ್ ಹಾಡೋದು, ರೋಗದ ಮನಷಾ’ ಅಂತ ಮೂಲೆ ಹಿಡಿಯುತ್ತಾನೆ. ಆಮೇಲೆ ಹೊರಗೆ ಹೋಗುವುದು ಕಡಿಮೆ, ನಾಲ್ಕು ಜನರ ಮಾತು ಕಡಿಮೆ. ಮನಸ್ಸು ಕುಗ್ಗುತ್ತದೆ, ಗುಳಿಗೆ ನುಂಗಲೂ ಬೇಸರ ಬರುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಮನಸ್ಸಿನ ಕುಗ್ಗುವಿಕೆ ಉಳಿದವರಿಗಿಂತ ಹೆಚ್ಚು, ಅದರಿಂದ ಕಾಯಿಲೆ ಹತೋಟಿ ತಪ್ಪುತ್ತದೆ ಎಂದು ಡಾಕ್ಟರರೇ ಹೇಳುತ್ತಾರೆ.

2022ರಲ್ಲಿ ಹೆಸರು ಕೊಯ್ಲಿಗೆ ಬಂದಾಗ ಮಳೆ ಹಿಡಿದು ಕಾಯಿ ಹೊಲದಲ್ಲೇ ಮೊಳಕೆ ಒಡೆಯಿತು. ಅದೇ ವರ್ಷ ಪೇಟಿಯ ತಿದಿ ಹರಿದಿತ್ತು. ಪಕ್ಕದ ಊರಿನವರು ಆರು ಸಾವಿರಕ್ಕೆ ಪೇಟಿ ಕೇಳಿದರು. ಐದು ತಿಂಗಳ ಗುಳಿಗೆ ದುಡ್ಡು ಅದು. ಉತ್ತರ ಹೇಳಲು ಎಂಟು ದಿನ ತೆಗೆದುಕೊಂಡು ಮನೆಯಾಕೆ, ನಾನು ಕೂತು ಗುಳಿಗೆ ಲೆಕ್ಕ ಬರೆದೆವು. ಇಬ್ಬರದೂ ಸೇರಿ ತಿಂಗಳಿಗೆ 1,280 ರೂಪಾಯಿ, ವರ್ಷಕ್ಕೆ 15,360 ರೂಪಾಯಿ. ಕಡಲೆಗೆ 2025-26ರ ಮಾರಾಟ ಹಂಗಾಮಿಗೆ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 5,650 ರೂ. ಆ ಲೆಕ್ಕ ಹಿಡಿದರೆ ಎರಡು ಕ್ವಿಂಟಾಲ್ ಎಪ್ಪತ್ತು ಕಿಲೋ ಕಡಲೆ ಆಯಿತು. ಹದವಾದ ಮಳೆ ಬಂದ ವರ್ಷ ನಮಗೆ ಎಕರೆಗೆ ಮೂರು-ನಾಲ್ಕು ಕ್ವಿಂಟಾಲ್ ಬರುತ್ತದೆ. ಅಂದರೆ ಹತ್ತಿರ ಹತ್ತಿರ ಒಂದು ಎಕರೆ ಹೊಲವನ್ನು ಗುಳಿಗೆಗೇ ಬಿತ್ತಿದ ಹಾಗೆ.

ಲೆಕ್ಕ ಕಣ್ಣೆದುರು ಬಂದ ಮೇಲೆ ಇಳಿಸಬೇಕಾದದ್ದು ಗುಳಿಗೆಯ ಬೆಲೆ, ಭಜನೆಯಲ್ಲ ಎಂದು ತೀರ್ಮಾನ ಮಾಡಿದೆವು. ಪೇಟಿ ಮಾರಲಿಲ್ಲ.

ಗೊಬ್ಬರದ ಚೀಲ ನೋಡುವಂತೆ ಗುಳಿಗೆ ಪಟ್ಟಿ ನೋಡಿ

ಗೊಬ್ಬರ ಕೊಳ್ಳುವಾಗ ನಾವು ಚೀಲದ ಮೇಲಿನ ಚಿತ್ರ ನೋಡುವುದಿಲ್ಲ, 18:46 ಅನ್ನುವ ಅಂಕಿ ನೋಡುತ್ತೇವೆ. ಡಿಎಪಿ ಯಾವ ಕಂಪೆನಿಯದಾದರೂ ಅಂಕಿ ಅದೇ. 2022ರ ಅಕ್ಟೋಬರಿನಿಂದ ಸಬ್ಸಿಡಿ ಗೊಬ್ಬರಕ್ಕೆಲ್ಲ ‘ಭಾರತ್’ ಅನ್ನುವ ಒಂದೇ ಹೆಸರು ಬಂತು, ಬೆಳೆ ಏನೂ ವ್ಯತ್ಯಾಸ ಮಾಡಲಿಲ್ಲ. ಕೀಟನಾಶಕವೂ ಹಾಗೇ. ಇಮಿಡಾಕ್ಲೋಪ್ರಿಡ್ ಒಂದೇ, ಡಬ್ಬಿ ಮೇಲಿನ ಹೆಸರು ಹತ್ತಾರು.

ಗುಳಿಗೆಯಲ್ಲೂ ಎರಡು ಹೆಸರು ಇರುತ್ತವೆ. ಒಂದು ಕಂಪೆನಿ ಇಟ್ಟ ಹೆಸರು. ಇನ್ನೊಂದು ಒಳಗಿನ ಔಷಧಿಯ ಹೆಸರು. ನಾನು ನುಂಗುವ ಔಷಧಿಗಳು ನಾಲ್ಕು: ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಟೆಲ್ಮಿಸಾರ್ಟನ್, ಅಟೊರ್ವಾಸ್ಟಾಟಿನ್. ಮೊದಲೆರಡು ಸಕ್ಕರೆಗೆ, ಮೂರನೆಯದು ಬಿ.ಪಿ.ಗೆ, ಕೊನೆಯದು ಕೊಲೆಸ್ಟರಾಲ್‌ಗೆ. ಈ ನಾಲ್ಕೂ ಹಳೆಯ ಔಷಧಿಗಳು. ಕಂಡುಹಿಡಿದ ಕಂಪೆನಿಯ ಪೇಟೆಂಟ್ ಮುಗಿದು ಎಷ್ಟೋ ವರ್ಷವಾಗಿದೆ. ಹಾಗಾಗಿ ಯಾರು ಬೇಕಾದರೂ ಲೈಸೆನ್ಸ್ ಪಡೆದು ತಯಾರಿಸಬಹುದು. ಕಂಪೆನಿ ಹೆಸರಿಲ್ಲದೆ ಔಷಧಿಯ ಹೆಸರಿನಲ್ಲೇ ಮಾರುವುದಕ್ಕೆ ಜೆನೆರಿಕ್ ಎನ್ನುತ್ತಾರೆ. ಜಾಹೀರಾತಿನ ಖರ್ಚು, ಊರೂರು ತಿರುಗುವ ಕಂಪೆನಿ ಪ್ರತಿನಿಧಿಗಳ ಖರ್ಚು ಅದರ ಮೇಲೆ ಬೀಳುವುದಿಲ್ಲ. ಅಗ್ಗವಾಗುವುದು ಅದರಿಂದ.

ಪೇಟೆಂಟ್ ಮುಗಿದಾಗ ಬೆಲೆ ಎಷ್ಟು ಬೀಳುತ್ತದೆ ಎನ್ನಲು ಹೊಸ ಉದಾಹರಣೆ ಇದೆ. ಎಂಪಾಗ್ಲಿಫ್ಲೋಜಿನ್ ಎನ್ನುವ ದುಬಾರಿ ಸಕ್ಕರೆ ಗುಳಿಗೆಯ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಕೂಡಲೇ ಹಲವು ಕಂಪೆನಿಗಳು ಅದನ್ನು ತಯಾರಿಸಿ ಬಹಳ ಕಡಿಮೆ ಬೆಲೆಗೆ ಬಿಟ್ಟವು. ನಿಮಗೆ ಯಾವುದಾದರೂ ದುಬಾರಿ ಗುಳಿಗೆ ಬರೆದಿದ್ದರೆ ‘ಇದು ಈಗ ಅಗ್ಗದ್ದು ಬಂದೈತೇನ್ರಿ?’ ಅಂತ ವರ್ಷಕ್ಕೊಮ್ಮೆ ಕೇಳುವುದರಲ್ಲಿ ತಪ್ಪಿಲ್ಲ.

ಎಲ್ಲಿ ಸಿಗುತ್ತದೆ

ಒಂದು, ಜನೌಷಧಿ ಕೇಂದ್ರ. ಕೇಂದ್ರ ಸರಕಾರದ ಈ ಯೋಜನೆ 2008ರಲ್ಲಿ ಶುರುವಾಯಿತು. 2025ರ ಆರಂಭದ ಹೊತ್ತಿಗೆ ದೇಶದಲ್ಲಿ ಇಂಥ ಅಂಗಡಿಗಳು 15,000 ದಾಟಿದ್ದವು. ಬ್ರಾಂಡ್ ಗುಳಿಗೆಗಿಂತ ಅರ್ಧದಿಂದ ಶೇ. 80ರವರೆಗೆ ಬೆಲೆ ಕಡಿಮೆ. ನಮ್ಮ ಇಬ್ಬರ ಚೀಟಿಯ ಗುಳಿಗೆಗಳು ಅಲ್ಲಿ ತಿಂಗಳಿಗೆ 240 ರೂಪಾಯಿಗೆ ಬಂದವು. ಎಲ್ಲವೂ ಎಲ್ಲ ಸಲವೂ ಸಿಗುವುದಿಲ್ಲ. ಅದಕ್ಕೇ ಗುಳಿಗೆ ಇನ್ನೂ ಹತ್ತು ದಿನಕ್ಕಾಗುವಷ್ಟು ಇರುವಾಗಲೇ ಹೋಗಬೇಕು.

ಎರಡು, ಸರಕಾರಿ ಆಸ್ಪತ್ರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ., ಸಕ್ಕರೆಗೆಂದೇ ಎನ್.ಸಿ.ಡಿ. ಕ್ಲಿನಿಕ್ ಎನ್ನುವ ಕೋಣೆ ಇರುತ್ತದೆ. ಮೆಟ್‌ಫಾರ್ಮಿನ್, ಅಮ್ಲೋಡಿಪಿನ್‌ನಂಥ ಸಾಮಾನ್ಯ ಗುಳಿಗೆಗಳನ್ನು ಪುಕ್ಕಟೆ ಕೊಡುತ್ತಾರೆ. ಊರ ಉಪಕೇಂದ್ರದಲ್ಲೂ ಬಿ.ಪಿ., ಸಕ್ಕರೆ ನೋಡುತ್ತಾರೆ. ರಾಜ್ಯ ಸರಕಾರದ ‘ಗೃಹ ಆರೋಗ್ಯ’ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುವಾಗಿ 2025ರಲ್ಲಿ ಬೇರೆ ಜಿಲ್ಲೆಗಳಿಗೂ ಬಂತು. ಮೂವತ್ತು ದಾಟಿದವರನ್ನು ಮನೆಗೇ ಬಂದು ಪರೀಕ್ಷೆ ಮಾಡುವ ಯೋಜನೆ ಅದು. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮೂರು, ಮಾಮೂಲಿ ಔಷಧಿ ಅಂಗಡಿ. ಅಲ್ಲಿಯೂ ಜೆನೆರಿಕ್ ಇರುತ್ತದೆ, ಬಾಯಿಬಿಟ್ಟು ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಔಷಧಿಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿದಿದೆ. ರಕ್ತದ ಸಕ್ಕರೆ ನೋಡುವ ಪಟ್ಟಿಗಳಿಗೂ ಇದು ಅನ್ವಯ. ರಶೀದಿ ಕೇಳಿ ಪಡೆಯಿರಿ.

ಆಸ್ಪತ್ರೆ ಕಾರ್ಡುಗಳ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಸಹಕಾರಿ ಸಂಘದ ಸದಸ್ಯರಿಗಿರುವ ಯಶಸ್ವಿನಿ ಇವೆಲ್ಲ ಆಸ್ಪತ್ರೆಗೆ ದಾಖಲಾದಾಗ, ಆಪರೇಷನ್ ಆದಾಗ ಬರುವ ನೆರವು. ದಿನದ ಗುಳಿಗೆಗೆ ಇವು ಬರುವುದಿಲ್ಲ. ಕಾರ್ಡು ಇಟ್ಟುಕೊಂಡಿರಿ, ಗುಳಿಗೆಯ ದಾರಿ ಬೇರೆ ಹುಡುಕಿಕೊಳ್ಳಿ.

ಬದಲಾಯಿಸುವಾಗ ಎಚ್ಚರ

ಅಗ್ಗ ಅಂತ ಸುಮ್ಮನೆ ಬದಲಿಸಬಾರದು. ನಾನು ಮಾಡಿದ ಕ್ರಮ ಇಷ್ಟು. ಹಳೆಯ ಪಟ್ಟಿಗಳನ್ನೆಲ್ಲ ಡಾಕ್ಟರರ ಮುಂದೆ ಇಟ್ಟು ‘ಒಳಗಿನ ಔಷಧಿ ಹೆಸರು ಬರೆದುಕೊಡ್ರಿ’ ಎಂದು ಕೇಳಿದೆ. ಅವರು ಬೇಸರಿಸದೆ ಬರೆದುಕೊಟ್ಟರು. ಅದನ್ನು ಕನ್ನಡದಲ್ಲಿ ಒಂದು ರಟ್ಟಿನ ಚೀಟಿಗೆ ಇಳಿಸಿಕೊಂಡೆ. ಔಷಧಿ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಊಟಕ್ಕೆ ಮೊದಲೋ ನಂತರವೋ. ಇಂಗ್ಲಿಷ್ ಓದಲು ಬಾರದವರು ಹಳೆಯ ಪಟ್ಟಿಯ ಒಂದು ತುಂಡು ಉಳಿಸಿಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬಹುದು. ಮಿಲಿಗ್ರಾಂ ಅಂಕಿಯನ್ನು ತಪ್ಪದೆ ನೋಡಬೇಕು. ಗ್ಲಿಮೆಪಿರೈಡ್ 1 ಬೇರೆ, 2 ಬೇರೆ. ಹೆಸರಿನ ಮುಂದೆ ‘ಎಸ್.ಆರ್.’ ಎಂದಿದ್ದರೆ ಅದು ನಿಧಾನ ಕರಗುವ ಗುಳಿಗೆ. ಪುಡಿ ಮಾಡಬಾರದು, ಜಗಿಯಬಾರದು.

ಬದಲಾಯಿಸಿ ಎರಡು ಮೂರು ವಾರಕ್ಕೆ ಸಕ್ಕರೆ, ಬಿ.ಪಿ. ನೋಡಿಸಿದೆ. ಮೊದಲಿನಂತೆಯೇ ಇತ್ತು. ಏರುಪೇರು ಕಂಡರೆ ಡಾಕ್ಟರರಿಗೆ ಹೇಳಬೇಕು. ಫಿಟ್ಸ್, ಥೈರಾಯ್ಡ್, ರಕ್ತ ತೆಳುವು ಮಾಡುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಕಂಪೆನಿ ಬದಲಿಸಲೇಬಾರದು. ಅವುಗಳಲ್ಲಿ ಸಣ್ಣ ವ್ಯತ್ಯಾಸವೂ ನಡೆಯುವುದಿಲ್ಲ.

ದುಡ್ಡು ಉಳಿಸಲು ಎರಡು ಗುಳಿಗೆ ನುಂಗುವಲ್ಲಿ ಒಂದು ನುಂಗುವವರಿದ್ದಾರೆ. ಸಕ್ಕರೆ ಇಳಿಯಿತೆಂದು ಗುಳಿಗೆ ಬಿಡುವವರೂ ಇದ್ದಾರೆ. ಇಳಿದಿರುವುದು ಗುಳಿಗೆಯಿಂದಲೇ. ನಮ್ಮ ಮೇಳದಲ್ಲಿ ದಮ್ಮಡಿ ಬಾರಿಸುತ್ತಿದ್ದ ಗೆಳೆಯರೊಬ್ಬರು ಯಾರೋ ಕೊಟ್ಟ ಪುಡಿ ನಂಬಿ ಗುಳಿಗೆ ಬಿಟ್ಟಿದ್ದರು. ಕಾಲಿಗೆ ಜಾಲಿಮುಳ್ಳು ನಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ. ಎರಡು ಬೆರಳು ತೆಗೆಯಬೇಕಾಯಿತು. ಆಸ್ಪತ್ರೆ, ಓಡಾಟ, ಆಳಿನ ಕೂಲಿ ಸೇರಿ ಆದ ಖರ್ಚಿನಲ್ಲಿ ಹತ್ತು ವರ್ಷದ ಗುಳಿಗೆ ಬರುತ್ತಿತ್ತು. ಮೆಂತ್ಯ, ಹಾಗಲಕಾಯಿ, ನವಣೆ ಉಣ್ಣಿ, ಒಳ್ಳೆಯದೇ. ಗುಳಿಗೆಗೆ ಬದಲು ಮಾತ್ರ ಅಲ್ಲ.

ಹೊಲಕ್ಕೂ ಭಜನೆಗೂ ಬೆಲ್ಲದ ಚೂರು

ಹವ್ಯಾಸ ಉಳಿಸಿಕೊಳ್ಳಬೇಕೆಂದರೆ ಗುಳಿಗೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರಬೇಕು. ಮೆಟ್‌ಫಾರ್ಮಿನ್ ಪಿತ್ತಜನಕಾಂಗ ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ. ಅದೊಂದೇ ನುಂಗುವವರಿಗೆ ಸಕ್ಕರೆ ಅತಿಯಾಗಿ ಬೀಳುವುದು ಅಪರೂಪ. ಊಟದ ಜೊತೆ ನುಂಗಿದರೆ ಹೊಟ್ಟೆ ಕೆಡುವುದು ಕಡಿಮೆ. ಗ್ಲಿಮೆಪಿರೈಡ್ ಬೇರೆ ಜಾತಿ. ಅದು ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ನೀವು ಉಂಡಿರೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನುಂಗಿ ಉಣ್ಣದಿದ್ದರೆ, ಉಂಡು ಮಿತಿಮೀರಿ ದುಡಿದರೆ ಸಕ್ಕರೆ ಕುಸಿಯುತ್ತದೆ.

ಕೈ ನಡುಗುವುದು, ತಣ್ಣನೆ ಬೆವರು, ಎದೆ ಡವಡವ, ತಡೆಯಲಾಗದ ಹಸಿವು, ಮಾತು ತೊದಲುವುದು ಇದರ ಗುರುತು. ಸಕ್ಕರೆ 70ಕ್ಕಿಂತ ಕೆಳಗೆ ಇಳಿದಿದೆ ಎಂದು ತಿಳಿಯಬೇಕು. ಕೂಡಲೇ ಮೂರು ಚಮಚೆ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಬೇಕು, ಇಲ್ಲವೇ ಅಷ್ಟೇ ಬೆಲ್ಲ ತಿನ್ನಬೇಕು. ಹದಿನೈದು ನಿಮಿಷ ಕೂತು ನೋಡಿ, ಕಡಿಮೆಯಾಗದಿದ್ದರೆ ಮತ್ತೆ ಅಷ್ಟು. ಆಮೇಲೆ ಒಂದು ರೊಟ್ಟಿ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೆ ಒಯ್ಯಬೇಕು.

ಕುಂಟೆ ಹೊಡೆಯುವ ದಿನ, ರಾಶಿಯ ದಿನ ನನ್ನ ಜೇಬಿನಲ್ಲಿ ಬೆಲ್ಲದ ಚೂರು ಇರುತ್ತದೆ. ಜೊತೆಗಿರುವವರಿಗೆ ಗುರುತು ಹೇಳಿಟ್ಟಿದ್ದೇನೆ. ಪೇಟಿಯ ಪೆಟ್ಟಿಗೆಯೊಳಗೂ ಒಂದು ಡಬ್ಬಿ ಬೆಲ್ಲ ಇದೆ. ಮೇಳದಲ್ಲಿ ಈಗ ನಾಲ್ಕು ಜನ ಸಕ್ಕರೆಯವರಿದ್ದೇವೆ, ಎಲ್ಲರಿಗೂ ಅದು ಎಲ್ಲಿದೆ ಎಂದು ಗೊತ್ತು.

ರಾತ್ರಿ ಭಜನೆಗೆ ನಮ್ಮ ಕಟ್ಟಳೆ

ಮೊದಲೆಲ್ಲ ಭಜನೆ ಮುಗಿದ ಮೇಲೆ ಹನ್ನೊಂದು, ಹನ್ನೆರಡಕ್ಕೆ ಊಟ ಆಗುತ್ತಿತ್ತು. ಈಗ ನಾವು ಹೋಗುವ ಊರಿಗೆ ಮೊದಲೇ ಹೇಳಿ ಕಳಿಸುತ್ತೇವೆ: ಎಂಟು ಗಂಟೆಗೆ ಊಟ, ಆಮೇಲೆ ಪದ. ಯಾರೂ ಇಲ್ಲ ಎಂದಿಲ್ಲ. ಅಲ್ಲಿಯೂ ಸಕ್ಕರೆಯವರು ಇದ್ದೇ ಇರುತ್ತಾರೆ. ಗುಳಿಗೆ ಅದರ ಹೊತ್ತಿಗೆ ಬೀಳುತ್ತದೆ.

ಚಹಾದ ಕಿಟಲಿ ಎರಡು. ಒಂದರಲ್ಲಿ ಸಕ್ಕರೆ ಇಲ್ಲ. ಮೊದಲ ದಿನ ಹುಡುಗರು ನಕ್ಕರು, ಈಗ ಆ ಕಿಟಲಿಯೇ ಮೊದಲು ಖಾಲಿಯಾಗುತ್ತದೆ. ಪ್ರಸಾದ ಬೇಡ ಎನ್ನುವುದಿಲ್ಲ. ಸಜ್ಜಕವಾಗಲಿ ಹುಗ್ಗಿಯಾಗಲಿ ಬೆರಳಿನಷ್ಟು ಕಣ್ಣಿಗೊತ್ತಿ ತಿನ್ನುತ್ತೇನೆ, ಉಳಿದದ್ದು ಮೊಮ್ಮಕ್ಕಳಿಗೆ.

ಕಾಲು ಮಡಚಿ ಮೂರು ತಾಸು ಕೂತರೆ ಪಾದ ಜೋಮು ಹಿಡಿಯುತ್ತದೆ. ಮೂರು ಪದಕ್ಕೊಮ್ಮೆ ಎದ್ದು ನಿಲ್ಲುತ್ತೇನೆ. ಆಗ ಬೇರೆಯವರು ಏಕತಾರಿ ಮೇಲೆ ಒಂದು ಪದ ಹೇಳುತ್ತಾರೆ. ಜೋಮು ದಿನವಿಡೀ ಇದ್ದರೆ ನರದ ತೊಂದರೆ ಇರಬಹುದು. ಮೆಟ್‌ಫಾರ್ಮಿನ್ ಬಹಳ ವರ್ಷ ನುಂಗಿದವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿಯೂ ಹೀಗಾಗುತ್ತದೆ. ಡಾಕ್ಟರರನ್ನು ಕೇಳಿ. ಮಲಗುವ ಮೊದಲು ಪಾದ ತಿರುಗಿಸಿ ನೋಡುವುದು, ಬರಿಗಾಲಲ್ಲಿ ಹೊಲಕ್ಕಿಳಿಯದಿರುವುದು, ಇವೆರಡಕ್ಕೆ ಪೈಸೆ ಖರ್ಚಿಲ್ಲ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ಮೂತ್ರ ನೋಡಿಸಬೇಕು. ಕಣ್ಣು ಹೋದರೆ ಪದದ ಪುಸ್ತಕ ಓದುವುದು ಹೇಗೆ?

ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗುವ ಚಟ ನಮ್ಮಲ್ಲಿ ಬಹಳ. ಡೈಕ್ಲೋಫಿನಾಕ್‌ನಂಥವು ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೆ ಹೊಡೆತ. ಸಕ್ಕರೆ, ಬಿ.ಪಿ. ಇದ್ದವರು ಕೇಳದೆ ನುಂಗಬಾರದು.

ಶಿವರಾತ್ರಿಯದು ಬೇರೆಯೇ ಲೆಕ್ಕ. ಉಪವಾಸವೂ ಇದೆ, ಜಾಗರಣೆಯೂ ಇದೆ. ಹಬ್ಬಕ್ಕೆ ವಾರ ಮೊದಲೇ ಡಾಕ್ಟರರ ಹತ್ತಿರ ಹೋಗಿ ‘ಆ ದಿನ ಯಾವ ಗುಳಿಗೆ ನುಂಗಲಿ, ಯಾವುದು ಬಿಡಲಿ’ ಎಂದು ಬರೆಸಿಕೊಂಡು ಬರುತ್ತೇನೆ. ಬರಿ ಹೊಟ್ಟೆ ಬೇಡ, ಹಣ್ಣು, ಹಾಲು, ಶೇಂಗಾ ಸ್ವಲ್ಪ ಸ್ವಲ್ಪ ತಿನ್ನು ಎಂದರು. ಹಾಗೆಯೇ ನಡೆಯುತ್ತದೆ. ರಾತ್ರಿ ಹನ್ನೆರಡಕ್ಕೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಡಾಕ್ಟರರನ್ನು ಕೇಳದೆ ಉಪವಾಸ ಮಾಡಲೇಬಾರದು.

ಇನ್ಸುಲಿನ್ ಮಾತು ಬಂದಿದ್ದಕ್ಕೆ ಇನ್ನೊಂದು. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಆ ಕಾವಿಗೆ ಇನ್ಸುಲಿನ್ ಕೆಡುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಮರಳು ತುಂಬಿ ನೀರು ಹನಿಸಿ, ಒಳಗಿನ ಗಡಿಗೆಯಲ್ಲಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬಹುದು. ನೆರಳಲ್ಲಿ, ಗಾಳಿ ಆಡುವಲ್ಲಿ ಇರಬೇಕು. ನಮ್ಮ ತಬಲಾದವರು ಹೀಗೆ ಇಡುತ್ತಾರೆ. ಒಡೆದ ಬಾಟಲಿಯನ್ನು ಸಾಮಾನ್ಯವಾಗಿ 28 ದಿನದೊಳಗೆ ಮುಗಿಸಬೇಕು.

ಎರಡು ಡಬ್ಬಿ

ಈಗ ನಮ್ಮ ಮನೆಯಲ್ಲಿ ಎರಡು ಡಬ್ಬಿ ಇವೆ. ಸುಗ್ಗಿಯ ದುಡ್ಡು ಬಂದ ದಿನವೇ ವರ್ಷದ ಗುಳಿಗೆ ಖರ್ಚು 2,880 ರೂಪಾಯಿ, ರಕ್ತ ಪರೀಕ್ಷೆಗೆಂದು 2,000 ಒಂದು ಡಬ್ಬಿಗೆ ಬೀಳುತ್ತದೆ. ಬೀಜಕ್ಕೆ ಎತ್ತಿಟ್ಟ ಕಾಳನ್ನು ಹೇಗೆ ಮುಟ್ಟುವುದಿಲ್ಲವೋ ಹಾಗೆ ಅದನ್ನೂ ಮುಟ್ಟುವುದಿಲ್ಲ. ಎರಡನೆಯದು ಭಜನೆಯ ಡಬ್ಬಿ. ಮನೆಯಾಕೆ ಸಾಕಿದ ಜವಾರಿ ಕೋಳಿಗಳ ತತ್ತಿ ಮಾರಿದ್ದರಲ್ಲಿ ವಾರಕ್ಕೆ ಮೂವತ್ತು ರೂಪಾಯಿ ಅದಕ್ಕೆ. ಬಸ್ ಚಾರ್ಜು, ಪೇಟಿ ದುರಸ್ತಿ ಎಲ್ಲ ಅದರಿಂದಲೇ. ಒಂದರ ದುಡ್ಡು ಇನ್ನೊಂದಕ್ಕೆ ಹೋಗಕೂಡದು. ಗುಳಿಗೆಗೆ ಬದಲು ಭಜನೆ ಅಂತಲೂ ಇಲ್ಲ, ಭಜನೆಗೆ ಬದಲು ಗುಳಿಗೆ ಅಂತಲೂ ಇಲ್ಲ.

ಮೊದಲ ವರ್ಷ ಉಳಿದ ಹನ್ನೆರಡು ಸಾವಿರದಲ್ಲಿ 1,800 ರೂಪಾಯಿ ಕೊಟ್ಟು ಗದಗಿನಲ್ಲಿ ಪೇಟಿಯ ತಿದಿ ಹೊಸದು ಹಾಕಿಸಿದೆ. ಉಳಿದದ್ದು ಹಿಂಗಾರಿ ಬೀಜ, ಗೊಬ್ಬರಕ್ಕೆ ಹೋಯಿತು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಆಗ 8.4 ಇತ್ತು, ಕಳೆದ ಸಲ 7.1 ಬಂತು. 7ರ ಒಳಗೆ ಇರಬೇಕೆಂದು ಡಾಕ್ಟರರು ಹೇಳಿದ್ದಾರೆ. ನಾಲ್ಕು ರೊಟ್ಟಿಯಿಂದ ಎರಡಕ್ಕೆ ಇಳಿದಿದ್ದೇನೆ, ಪಲ್ಯ, ಕಾಳು ಹೆಚ್ಚಾಗಿದೆ. ಇನ್ನೂ ಸ್ವಲ್ಪ ಇಳಿಸಬೇಕು.

ಓದುಗರಲ್ಲಿ ಬಯಲಾಟದವರು, ಡೊಳ್ಳಿನವರು, ಕೋಲಾಟದವರು ಇದ್ದೀರಿ. ಗುಳಿಗೆ ನುಂಗುತ್ತಲೇ ಕುಣಿಯುವವರೂ ಇರಬಹುದು. ರಾತ್ರಿಯೆಲ್ಲ ಕುಣಿಯುವಾಗ ಊಟ, ಗುಳಿಗೆಯ ಹೊತ್ತು ಹೇಗೆ ಹೊಂದಿಸುತ್ತೀರಿ? ಪತ್ರಿಕೆಗೆ ಬರೆಯಿರಿ. ನಮ್ಮ ಮೇಳದವರು ಕಾದಿದ್ದೇವೆ.